ಫಲಕ ತಾನಾಗಿ ಜಾರುವುದು ಬೇಡ, ಒತ್ತಿದರೆ ತೆರೆಯಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಹೋಂಸ್ಟೇಗಳು, ಸಹಕಾರ ಸಂಘಗಳು, ಅಡಿಕೆ ಧಾರಣೆ ತೋರಿಸುವ ವೆಬ್‌ಸೈಟ್‌ಗಳು ಈಚೆಗೆ ಒಂದೇ ಅಚ್ಚಿನಲ್ಲಿ ಬರುತ್ತಿವೆ. ಪುಟದ ಮೇಲ್ಭಾಗದಲ್ಲಿ ತಾನಾಗಿ ಜಾರುತ್ತಲೇ ಇರುವ ಫಲಕ, ನಮಗೆ ಬೇಕಾದ ಮಾಹಿತಿಯೆಲ್ಲ ಅದರೊಳಗೆ. ಅಡಿಕೆಯ ಬಗೆಗಳಲ್ಲಿ ರಾಶಿಯ ದರ ಓದಿ ಮುಗಿಸುವಷ್ಟರಲ್ಲಿ ಬೆಟ್ಟೆ ಬಂದಿರುತ್ತದೆ. ಗೊರಬಲು ತಪ್ಪಿಹೋದರೆ ಇನ್ನೊಂದು ಸುತ್ತು ಕಾಯಬೇಕು. ತಾನಾಗಿ ಚಲಿಸುವ ಭಾಗ 5 ಸೆಕೆಂಡಿಗಿಂತ ಹೆಚ್ಚು ಓಡುವುದಾದರೆ ಅದನ್ನು ನಿಲ್ಲಿಸುವ ಬಟನ್ ಇರಬೇಕೆಂದು ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುವ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿ 2008ರಿಂದಲೇ ಹೇಳುತ್ತಿದೆ. ಜಾರುವ ಫಲಕವೇ ಬೇಡ ಎನ್ನುವುದು ನಮ್ಮ ವಾದವಲ್ಲ. ಫೋನಿನ ಪುಟ್ಟ ಪರದೆಯಲ್ಲಿ ಜಾಗ ಉಳಿಸಲು ಅದು ಒಳ್ಳೆಯ ಉಪಾಯವೇ. ಆದರೆ ಓದುವವರು ಒತ್ತಿದಾಗ ಮಾತ್ರ ಅದು ತೆರೆಯಬೇಕು. ಸೈಟ್ ಕಟ್ಟುವ ನಮ್ಮೂರಿನ ಹುಡುಗ ಹುಡುಗಿಯರಿಗೂ, ದುಡ್ಡು ಕೊಟ್ಟು ಕಟ್ಟಿಸುವವರಿಗೂ ಉಪಯೋಗವಾಗಲೆಂದು ಕೆಲವು ವಿವರ ಬರೆಯುತ್ತಿದ್ದೇವೆ.

ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುವ ಫಲಕದಲ್ಲಿ ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಹೈಟ್ (ಎತ್ತರ) ಸೊನ್ನೆಯಿಂದ 'ಆಟೋ'ಗೆ (ಬರಹಕ್ಕೆ ತಕ್ಕಷ್ಟು) ಟ್ರಾನ್ಸಿಷನ್, ಅಂದರೆ ಹಂತಹಂತದ ಬದಲಾವಣೆ, ಕೊಟ್ಟರೆ ಫಲಕ ಮೆಲ್ಲಗೆ ಇಳಿಯುವುದಿಲ್ಲ, ದಢಕ್ಕನೆ ತೆರೆದುಕೊಳ್ಳುತ್ತದೆ. 'ಆಟೋ' ಸಂಖ್ಯೆಯಲ್ಲ, ಹಾಗಾಗಿ ನಡುವಿನ ಹಂತಗಳ ಲೆಕ್ಕ ಬ್ರೌಸರಿಗೆ ಸಿಗುವುದಿಲ್ಲ. ಅದಕ್ಕೆ ಮ್ಯಾಕ್ಸ್-ಹೈಟ್ (ಗರಿಷ್ಠ ಎತ್ತರ) 1000 ಪಿಕ್ಸೆಲ್ ಎಂದು ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಒಳಗಿನ ಬರಹ 200 ಪಿಕ್ಸೆಲ್ ಮಾತ್ರ ಇದ್ದರೆ, ಮುಚ್ಚುವಾಗ ಮೊದಲ 800 ಪಿಕ್ಸೆಲ್ ಇಳಿಯುವ ತನಕ ಪರದೆಯ ಮೇಲೆ ಏನೂ ಕದಲುವುದಿಲ್ಲ. ಕೆಲಸ ಮಾಡಲಿಲ್ಲವೆಂದು ಮತ್ತೆ ಒತ್ತುತ್ತಾರೆ; ಮುಚ್ಚಬೇಕಿದ್ದದ್ದು ತೆರೆದೇ ಉಳಿಯುತ್ತದೆ.

ಇನ್ನು ಕೆಲವರು ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್‌ನಲ್ಲಿ (ಸ್ಕ್ರಿಪ್ಟ್) ಸ್ಕ್ರೋಲ್‌ಹೈಟ್, ಅಂದರೆ ಒಳಗಿನ ಬರಹದ ಪೂರ್ತಿ ಎತ್ತರ, ಅಳೆದು ಅದನ್ನೇ ಎತ್ತರವಾಗಿ ಕೂರಿಸುತ್ತಾರೆ. ಕನ್ನಡ ಪುಟಗಳಲ್ಲಿ ಇದು ಕೈಕೊಡುತ್ತದೆ. ಹೊಸನಗರ, ಆಗುಂಬೆಯ ಕಡೆ ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ವೆಬ್ ಫಾಂಟ್ (ಸೈಟಿನಿಂದ ಬರುವ ಅಕ್ಷರಶೈಲಿ) ತಡವಾಗಿ ಇಳಿಯುತ್ತದೆ. ಫೋನಿನ ಸ್ವಂತ ಫಾಂಟ್‌ನಲ್ಲಿ ಅಳತೆ ತೆಗೆದಾದ ಮೇಲೆ ಬೇರೆ ಫಾಂಟ್ ಬಂದು ಕೂತರೆ ಪದಗಳ ಅಗಲ ಬದಲಾಗಿ ಒಂದು ಸಾಲು ಹೆಚ್ಚಾಗಬಹುದು, ಆಗ ಕೊನೆಯ ಸಾಲು ಕಾಣದೆ ಹೋಗುತ್ತದೆ. ಸಂಪರ್ಕದ ನಂಬರೋ ಷರತ್ತೋ ಇರುವುದು ಸಾಮಾನ್ಯವಾಗಿ ಅಲ್ಲಿಯೇ. ಒತ್ತಕ್ಷರದ ಸಮಸ್ಯೆ ಬೇರೆಯೇ ಇದೆ. ಇಂಗ್ಲಿಷ್ ಟೆಂಪ್ಲೇಟಿನ 1.2 ಲೈನ್-ಹೈಟ್ (ಅಕ್ಷರದ ಅಳತೆಗೆ ಹೋಲಿಸಿದ ಸಾಲಿನ ಎತ್ತರ) ಹಾಗೇ ಬಿಟ್ಟು ಓವರ್‌ಫ್ಲೋ ಹಿಡನ್ (ಅಂಚು ದಾಟಿದ್ದನ್ನು ಮರೆಮಾಡುವುದು) ಕೊಟ್ಟರೆ 'ಶಿವಮೊಗ್ಗ'ದ ಒತ್ತಿನ ಬುಡ, 'ರಾಷ್ಟ್ರೀಯ'ದ ಎರಡು ಒತ್ತುಗಳು ಫಲಕದ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಕನ್ನಡಕ್ಕೆ 1.6ಕ್ಕಿಂತ ಕಡಿಮೆ ಇಡಲೇಬೇಡಿ.

ಸರಿಯಾದ ದಾರಿ ಸುಲಭವಾಗಿಯೇ ಇದೆ. ಹೊರಗಿನ ಡಿವ್‌ಗೆ (ಪುಟದ ಒಂದು ಪೆಟ್ಟಿಗೆ) ಡಿಸ್‌ಪ್ಲೇ ಗ್ರಿಡ್ ಕೊಟ್ಟು, ಸಾಲುಗಳ ಎತ್ತರ ಹೇಳುವ ಗ್ರಿಡ್-ಟೆಂಪ್ಲೇಟ್-ರೋಸ್ ಅನ್ನು 0ಎಫ್‌ಆರ್ (ಸೊನ್ನೆ ಪಾಲು) ಎಂದಿಡಿ. ತೆರೆದಾಗ 1ಎಫ್‌ಆರ್ ಆಗಲಿ. ಅದರೊಳಗಿನ ಡಿವ್‌ಗೆ ಓವರ್‌ಫ್ಲೋ ಹಿಡನ್, ಮಿನ್-ಹೈಟ್ ಸೊನ್ನೆ. ಪ್ಯಾಡಿಂಗ್ (ಬರಹದ ಸುತ್ತಲಿನ ಖಾಲಿ ಜಾಗ) ಬೇಕಿದ್ದರೆ ಇನ್ನೂ ಒಳಗೆ ಮೂರನೆಯ ಡಿವ್ ಇಟ್ಟು ಅದಕ್ಕೆ ಕೊಡಿ. ಎರಡನೆಯದಕ್ಕೆ ಕೊಟ್ಟರೆ ಮುಚ್ಚಿದ ಮೇಲೂ ಒಂದು ಪಟ್ಟಿ ಉಳಿದುಬಿಡುತ್ತದೆ. ಅವಧಿ 250 ಮಿಲಿಸೆಕೆಂಡ್, ಓಟ ಈಸ್-ಔಟ್ (ಕೊನೆಗೆ ನಿಧಾನವಾಗುವುದು). ಯಾವ ಅಳತೆಯೂ ಬೇಡ. ಫಾಂಟ್ ಬದಲಾದರೂ, ಓದುಗರು ಅಕ್ಷರ ದೊಡ್ಡದು ಮಾಡಿಕೊಂಡರೂ ಎತ್ತರ ತಾನೇ ಹೊಂದಿಕೊಳ್ಳುತ್ತದೆ. 2022ರ ಕೊನೆಯ ಹೊತ್ತಿಗೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರರಲ್ಲೂ ಈ ಚಲನೆ ಬಂದಿದೆ. ಗ್ರಿಡ್ ಗೊತ್ತಿದ್ದೂ ಈ ಚಲನೆ ಬಾರದ ಹಳೆಯ ಬ್ರೌಸರಿನಲ್ಲಿ ಫಲಕ ಒಮ್ಮೆಲೇ ತೆರೆಯುತ್ತದೆ, ಅಷ್ಟೇ ವ್ಯತ್ಯಾಸ.

ಪಕ್ಕದಿಂದ ಬರುವ ಮೆನುವಿಗೆ ಲೆಫ್ಟ್ ಅಥವಾ ಮಾರ್ಜಿನ್ ಜರುಗಿಸಬೇಡಿ, ಲೇಔಟ್ (ಪುಟದ ಜೋಡಣೆ) ಮುಟ್ಟದೆ ಅಡ್ಡಕ್ಕೆ ಸರಿಸುವ ಟ್ರಾನ್ಸ್‌ಫಾರ್ಮ್‌ನ ಟ್ರಾನ್ಸ್‌ಲೇಟ್‌ಎಕ್ಸ್ ಬಳಸಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, ಅಷ್ಟರಲ್ಲಿ ಪ್ರತಿ ಸಲ ಲೇಔಟ್ ಲೆಕ್ಕ ಹಾಕುತ್ತ ಕೂತರೆ ಅಗ್ಗದ ಫೋನುಗಳು ತಡವರಿಸುತ್ತವೆ. ಪರದೆಯಾಚೆ ಸರಿದ ಮೆನುವಿಗೆ ವಿಸಿಬಿಲಿಟಿ ಹಿಡನ್ (ಕಾಣದಂತೆ ಮಾಡುವುದು) ಕೊಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಟ್ಯಾಬ್ ಕೀ ಕಾಣದ ಲಿಂಕುಗಳೊಳಗೆ ಅಲೆಯುತ್ತದೆ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಮುಚ್ಚಿದ ಮೆನುವನ್ನೇ ಓದಿ ಹೇಳುತ್ತದೆ. ವಿಸಿಬಿಲಿಟಿಯನ್ನೂ ಅಷ್ಟೇ ಅವಧಿಯ ಟ್ರಾನ್ಸಿಷನ್‌ಗೆ ಸೇರಿಸಬೇಕು. ಬಿಟ್ಟರೆ ಮೆನು ಜಾರುವ ಮೊದಲೇ ಮಾಯವಾಗುತ್ತದೆ. ಒತ್ತುವ ಜಾಗ ಬಟನ್ ಟ್ಯಾಗೇ ಆಗಿರಲಿ, ಫಲಕದ ಸ್ಥಿತಿಯನ್ನು ಟಾಕ್‌ಬ್ಯಾಕ್‌ನಂಥವಕ್ಕೆ ತಿಳಿಸುವ ಏರಿಯಾ-ಎಕ್ಸ್‌ಪ್ಯಾಂಡೆಡ್ ತೆರೆದಾಗ ಟ್ರೂ, ಮುಚ್ಚಿದಾಗ ಫಾಲ್ಸ್ ಆಗಲಿ. ಪರದೆಯ ಚಲನೆಯಿಂದ ತಲೆ ಸುತ್ತುವವರು ಫೋನಿನಲ್ಲೇ ಅನಿಮೇಷನ್ ಕಡಿಮೆ ಮಾಡಿಕೊಂಡಿರುತ್ತಾರೆ. ಆ ಆಯ್ಕೆಯನ್ನು ತಿಳಿಸುವ ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್ ನೋಡಿ ಅಂಥವರಿಗೆ ಟ್ರಾನ್ಸಿಷನ್ ತೆಗೆದುಬಿಡಿ.

ನಮ್ಮ ಗುಡ್ಡಗಾಡಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟು ಪುಟ ಅರ್ಧ ಇಳಿದು ನಿಂತರೆ ಸ್ಕ್ರಿಪ್ಟ್ ಬಂದಿರುವುದೇ ಇಲ್ಲ. ಮೊದಲಿಂದ ಮುಚ್ಚಿಟ್ಟು ಸ್ಕ್ರಿಪ್ಟಿನಿಂದ ತೆರೆಯುವಂತೆ ಬರೆದ ಫಲಕ ಆಗ ಮುಚ್ಚಿಯೇ ಇರುತ್ತದೆ. ಪುಟದ ಮೂಲ ಬರಹವಾದ ಎಚ್‌ಟಿಎಂಎಲ್‌ನಲ್ಲಿ ಅದು ತೆರೆದೇ ಇರಲಿ, ಸ್ಕ್ರಿಪ್ಟ್ ಬಂದ ಮೇಲೆ ಮುಚ್ಚಲಿ. ಸ್ಕ್ರಿಪ್ಟೇ ಬೇಡವೆಂದರೆ ಒತ್ತಿದರೆ ತಾವೇ ತೆರೆಯುವ ಡೀಟೇಲ್ಸ್, ಸಮ್ಮರಿ ಟ್ಯಾಗ್‌ಗಳಿವೆ. ಇಷ್ಟಕ್ಕಾಗಿ ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟ್ ಸಂಗ್ರಹ ತುಂಬಿಸುವುದು, ಕುಗ್ಗಿಸಿದ ಮೇಲೂ ಸುಮಾರು 30 ಕೆಬಿ, ಅನವಶ್ಯಕ ಹೊರೆ.

ಕಟ್ಟಿಸುವವರು ದುಡ್ಡು ಕೊಡುವ ಮುನ್ನ ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ, ಬಟನ್ನನ್ನು ಬೇಗ ಬೇಗ ಎರಡು ಸಲ ಒತ್ತಿ ನೋಡಲಿ. ಧಾರಣೆಯ ವಿಷಯದಲ್ಲಿ ಮಾತ್ರ ನಮ್ಮ ಒತ್ತಾಯ ಗಟ್ಟಿ: ಸರಕು, ಬೆಟ್ಟೆ, ರಾಶಿ, ಗೊರಬಲುಗಳ ಇವತ್ತಿನ ದರ ಚಿತ್ರದಲ್ಲಲ್ಲ, ಅಕ್ಷರದಲ್ಲಿ, ಫಲಕದ ಹೊರಗೆ, ಪುಟ ತೆರೆದ ಕೂಡಲೇ ಕಾಣುವ ಹಾಗಿರಲಿ. ಹಿಂದಿನ ವಾರಗಳ ದರ ಬೇಕಾದರೆ ಫಲಕದೊಳಗಿರಲಿ.

ಇತಿ,
ವೆಬ್ ವಿನ್ಯಾಸದ ಕೆಲಸ ಮಾಡುವ ಕೆಲವರು, ಶಿವಮೊಗ್ಗ