ಐರಿಸ್ ಅಂತಲೇ ಇಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಹೆಣ್ಣು ಮಗುವಾದರೆ ಐರಿಸ್ ಅಂತ ಹೆಸರಿಡಬೇಕು ಅಂದೆಯಲ್ಲ, ನನಗೆ ಬಹಳ ಇಷ್ಟವಾಯಿತು. "ಅದು ಕಣ್ಣಿನ ಭಾಗದ ಹೆಸರಲ್ಲವೇ?" ಅಂತ ನಿಮ್ಮತ್ತೆಯವರು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೀನಾಕ್ಷಿ, ವಿಶಾಲಾಕ್ಷಿ, ನಯನ, ನೇತ್ರಾವತಿ ಅಂತ ಕರೆದುಕೊಂಡು ಬಂದವರು ನಾವು. ಕಣ್ಣಿನ ಹೆಸರು ನಮಗೇನು ಹೊಸದೇ?

ಕಣ್ಣಾಸ್ಪತ್ರೆಯಲ್ಲೇ ದುಡಿದು ನಿವೃತ್ತಳಾದವಳು ನಾನು. ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಸ್ಲಿಟ್ ಲ್ಯಾಂಪಿನ ಮುಂದೆ ಗಲ್ಲ ಊರಿ ಕೂತವರ ಪಾಪೆಯ ಸುತ್ತಲಿನ ಆ ಬಣ್ಣದ ಉಂಗುರವನ್ನು ನೋಡಿ ನೋಡಿ ನನಗೆ ಬೇಸರವೇ ಬರಲಿಲ್ಲ. ನಮ್ಮವರ ಕಂದು ಕಣ್ಣಲ್ಲಿ ಅದು ಮಖಮಲ್ಲಿನ ಹಾಗಿರುತ್ತೆ, ಅಲ್ಲಲ್ಲಿ ಸಣ್ಣ ಮಡಿಕೆ, ಸಣ್ಣ ಗುಳಿ. ಬೆಳಕು ಬಿಟ್ಟರೆ ಪಾಪೆ ಕುಗ್ಗುತ್ತೆ, ತೆಗೆದರೆ ಹಿಗ್ಗುತ್ತೆ. ಒಬ್ಬರ ಎಡಗಣ್ಣಿನ ವಿನ್ಯಾಸ ಅವರದೇ ಬಲಗಣ್ಣಿಗೂ ಹೊಂದುವುದಿಲ್ಲ. ಗದ್ದೆ ಕೆಲಸದಲ್ಲಿ ಬೆರಳ ಗೆರೆ ಸವೆದವರಿಗೂ ಆಧಾರ್‌ನಲ್ಲಿ ಗುರುತಾಗಿ ನಿಲ್ಲುವುದು ಈ ಐರಿಸ್ಸೇ.

ಆದರೆ ಹೆಸರು ಕಣ್ಣಿಗೆ ಬಂದದ್ದು ಆಮೇಲೆ. ಗ್ರೀಕರಿಗೆ ಐರಿಸ್ ಅಂದರೆ ಕಾಮನಬಿಲ್ಲು, ಅದರ ದೇವತೆಯೂ ಅವಳೇ. ದೇವರುಗಳ ಮಾತು ಹೊತ್ತು ಓಡಾಡುವ ದೂತೆ. ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದಲ್ಲಿ ಗಾಯಗೊಂಡ ಪ್ರೇಮದೇವತೆ ಅಫ್ರೋದಿತೆಯನ್ನು ಯುದ್ಧದ ನಡುವಿನಿಂದ ಆಚೆ ಕರೆತರುವವಳೂ ಇವಳೇ.

ತುಂಬು ಬಸುರಿ ನೀನು, ಒಂದು ಕಥೆ ನಿನಗೆ ಹೇಳಲೇಬೇಕು. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ, ಅಪೊಲೊ ದೇವರ ಸ್ತೋತ್ರದಲ್ಲಿದೆ. ಡೆಲೋಸ್ ದ್ವೀಪದಲ್ಲಿ ಅವನ ತಾಯಿ ಲೆಟೊ ಒಂಬತ್ತು ಹಗಲು ಒಂಬತ್ತು ರಾತ್ರಿ ಹೆರಿಗೆ ನೋವು ತಿನ್ನುತ್ತಾಳೆ. ಹೆರಿಗೆಯ ದೇವತೆ ಐಲೀಥಿಯಾಗೆ ಸುದ್ದಿಯೇ ತಿಳಿಯದ ಹಾಗೆ ದೇವರಾಜ ಜ್ಯೂಸ್‌ನ ಹೆಂಡತಿ ಹೇರಾ, ಗಂಡನ ಮಗುವನ್ನು ಲೆಟೊ ಹೆರುತ್ತಿದ್ದಾಳೆಂಬ ಹೊಟ್ಟೆಕಿಚ್ಚಿನಿಂದ ತಡೆದಿರುತ್ತಾಳೆ. ಲೆಟೊ ಜೊತೆಗಿದ್ದ ದೇವಿಯರು ಐರಿಸ್‌ನ ಕರೆದು, ಐಲೀಥಿಯಾಗೆ ಒಂಬತ್ತು ಮೊಳದ ಚಿನ್ನದೆಳೆಯ ಹಾರ ಕೊಡುತ್ತೇವೆಂದು ಹೇಳು, ಹೇರಾಗೆ ಗೊತ್ತಾಗದಂತೆ ಕರೆದು ತಾ ಅನ್ನುತ್ತಾರೆ. ಇವಳು ಒಂದೇ ಉಸಿರಿಗೆ ಓಡುತ್ತಾಳೆ. ಐಲೀಥಿಯಾಳನ್ನು ಬಾಗಿಲಾಚೆ ಕರೆದು ಎಲ್ಲ ಹೇಳಿ ಒಪ್ಪಿಸುತ್ತಾಳೆ. ಐಲೀಥಿಯಾ ಡೆಲೋಸ್‌ನಲ್ಲಿ ಕಾಲಿಟ್ಟ ಕೂಡಲೇ ಲೆಟೊ ತಾಳೆಮರ ತಬ್ಬಿ, ಮೊಣಕಾಲೂರಿ ಹೆರುತ್ತಾಳೆ. ಅಪೊಲೊ ಹುಟ್ಟುತ್ತಾನೆ. ನೋವು ತಿನ್ನುವವಳಿಗಾಗಿ ಸೂಲಗಿತ್ತಿಯನ್ನು ಕರೆಯಲು ಓಡಿದವಳ ಹೆಸರು ಕಣೇ ಇದು!

ಬಣ್ಣ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಜನ ಇವಳನ್ನು ನೆನೆದರು. ನೇರಳೆ, ನೀಲಿ, ಹಳದಿಯಲ್ಲಿ ಅರಳುವ ಹೂವಿಗೆ ಐರಿಸ್ ಅಂದರು. 1803ರಲ್ಲಿ ಲಂಡನ್ನಿನಲ್ಲಿ ಸ್ಮಿತ್ಸನ್ ಟೆನಂಟ್ ಹೊಸ ಲೋಹವೊಂದನ್ನು ಕಂಡುಹಿಡಿದಾಗ, ಅದರ ಲವಣಗಳು ಬಗೆಬಗೆಯ ಬಣ್ಣ ತೋರಿದ್ದಕ್ಕೆ ಇರಿಡಿಯಂ ಅಂತ ಕರೆದ. ನಿನ್ನ ಅಪ್ಪನ ಹಳೇ ಇಂಕ್ ಪೆನ್ನಿನ ನಿಬ್ಬಿನ ಮೇಲೆ ಕೆತ್ತಿರುವ ಹೆಸರು ಅದೇ. ಪೋರ್ಚುಗೀಸರೂ ಸ್ಪ್ಯಾನಿಷ್ ಮಾತಾಡುವವರೂ ಇವತ್ತಿಗೂ ಕಾಮನಬಿಲ್ಲಿಗೆ ಅನ್ನುವುದು ಆರ್ಕೊ ಈರಿಸ್.

ನಿಮ್ಮತ್ತೆಯವರಿಗೆ ನಾನೇ ಫೋನ್ ಮಾಡಿ ಲೆಟೊ ಕಥೆ ಹೇಳುತ್ತೇನೆ. ಹೆರಿಗೆ ಕಷ್ಟ ಬಲ್ಲವರು, ಕೇಳುತ್ತಾರೆ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳುವ ನಕ್ಷತ್ರದ ಹೆಸರನ್ನು ಅವರೇ ಆರಿಸಲಿ, ಆ ಸಂತೋಷ ಅವರಿಗಿರಲಿ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಐರಿಸ್ ಅಂತಲೇ ಬರೆಸು. ಬಾಣಂತನದ ಸಾಮಾನೆಲ್ಲ ಕಟ್ಟಿಟ್ಟಿದ್ದೇನೆ, ವೀಸಾ ಕೈಗೆ ಬಂದ ಕೂಡಲೇ ಹೊರಡುತ್ತೇನೆ.

ನಿನ್ನ,
ಅಮ್ಮ