ಮಂಜನಿಗೊಂದು ಪತ್ರ: ಗಾಡಿ ಕೊಳ್ಳೋ ಮುಂಚೆ ತೂಕ ಕೇಳು

ಪ್ರೀತಿಯ ಮಂಜ,

ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಸಿಗೋ ಫೋರ್ ವೀಲ್ ಡ್ರೈವ್ ಗಾಡಿ ಬೇಕು, "ಜಿಮ್ನಿ, ಥಾರ್, ಗೂರ್ಖಾ, ಇದ್ರಲ್ಲಿ ಯಾವ್ದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳು" ಅಂತ ಕಳಿಸಿದ್ದೀಯ. ಒಂದೇ ಮಾತು ಅಂದ್ರೆ: ಹಗುರ ಇರೋದು ತಗೋ. ಯಾಕೆ ಅಂತ ಬಿಡಿಸಿ ಹೇಳ್ತೀನಿ. ಎಲ್ಲರೂ ಓದೋ ಜಾಗದಲ್ಲಿ ಬರೀತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡ, ಇದೇ ಪ್ರಶ್ನೆ ಇಟ್ಕೊಂಡು ಕೂತಿರೋರು ಬೇಕಾದಷ್ಟು ಜನ ಇದ್ದಾರೆ. ಎಮ್ಮೆ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ಮಾತು ಕೊಟ್ಟಿದ್ದೀನಲ್ಲ.

ಮೊದಲು ನಿನ್ನ ಓಡಾಟದ ಲೆಕ್ಕ. ತಿಂಗಳಲ್ಲಿ ಇಪ್ಪತ್ತಾರು ದಿನ ಗಾಡಿ ಇರೋದು ಬಸವನಗುಡಿಯ ಗಲ್ಲಿಗಳಲ್ಲಿ. ಉಳಿದ ನಾಲ್ಕು ದಿನ ಮೂಡಿಗೆರೆ ಕಡೆ ಮಾವನ ತೋಟ: ಕೆಮ್ಮಣ್ಣಿನ ಏರು, ಒಂದು ಹಳ್ಳ, ತೋಟದ ಕೆಲಸದವರ ಲೈನ್ ಮನೆ ಹಿಂದಿನ ಆ ಜಾರು. ನೀನು ಆ ನಾಲ್ಕು ದಿನ ನೋಡ್ಕೊಂಡು ಗಾಡಿ ಆರಿಸ್ತಿದ್ದೀಯ. ಇಪ್ಪತ್ತಾರು ದಿನದ ಮಾತು ನಾನು ಹೇಳ್ತೀನಿ.

ಮಾರುತಿ ಜಿಮ್ನಿ ಅಗಲ 1645 ಮಿಲಿಮೀಟರ್. ಮೂರು ಬಾಗಿಲಿನ ಮಹೀಂದ್ರ ಥಾರ್ 1820. ಐದು ಬಾಗಿಲಿನ ಥಾರ್ ರಾಕ್ಸ್ 1870, ಉದ್ದ 4428. ಎರಡೂ ಕಡೆ ಸ್ಕೂಟರ್ ನಿಂತಿರೋ ನಿಮ್ಮ ಬೀದೀಲಿ ಜಿಮ್ನಿಗೂ ರಾಕ್ಸ್‌ಗೂ ಇರೋ ಒಂಬತ್ತು ಇಂಚು ಅಂದ್ರೆ ಒಂದು ಕನ್ನಡಿ ಉಳಿಯೋದು, ಹೋಗೋದು. ಇನ್ನು ಡೀಸೆಲ್. ಹೊಗೆ ಮಿತಿಯ ಬಿಎಸ್6 ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳ ಸೈಲೆನ್ಸರ್ ಪೈಪಲ್ಲಿ ಮಸಿ ಹಿಡಿಯೋ ಫಿಲ್ಟರ್ ಒಂದು ಇರುತ್ತೆ, ಡಿಪಿಎಫ್ ಅಂತಾರೆ. ಅದು ಚೆನ್ನಾಗಿ ಬಿಸಿಯಾದಾಗ ಮಾತ್ರ ಒಳಗಿನ ಮಸಿಯನ್ನ ಸುಟ್ಟು ಚೊಕ್ಕ ಮಾಡ್ಕೊಳ್ಳುತ್ತೆ. ದಿನಾ ಐದಾರು ಕಿಲೋಮೀಟರ್ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳಿದ್ರೆ ಬಿಸಿಯೇ ಆಗಲ್ಲ, ಮಸಿ ಕಟ್ಕೊಂಡು ಮೀಟರಲ್ಲಿ ದೀಪ ಹತ್ತುತ್ತೆ. ದೀಪ ಹತ್ತಿದಾಗ ಹೆದ್ದಾರಿಗೆ ಹೋಗಿ, ಒಂದು ಗೇರ್ ಕೆಳಗೇ ಇಟ್ಕೊಂಡು, 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸ್ಬೇಕು. ವಾರವಾರ ಹಾಸನ ರಸ್ತೆ ಹಿಡಿಯೋನಿಗೆ ಇದು ತೊಂದರೆಯಲ್ಲ. ತಿಂಗಳಿಗೊಂದು ಸಲ ಹೋಗೋ ನಿನಗೆ ಪೆಟ್ರೋಲೇ ಸರಿ.

ಫೋಟೋ ನೋಡಿ ಮೋಸ ಹೋಗೋ ಜಾಗ ಒಂದಿದೆ, ಗಟ್ಟಿಯಾಗಿ ಹೇಳ್ತೀನಿ. 2023ರಿಂದ ಥಾರ್‌ನಲ್ಲಿ ಎಂಜಿನ್ ಹಿಂದಿನ ಎರಡೇ ಚಕ್ರ ತಿರುಗಿಸೋ ಮಾದರಿನೂ ಬರ್ತಿದೆ. ಹೊರಗಿಂದ ಅದೇ ಮುಖ, ಅದೇ ದಪ್ಪ ಟೈರು. 2024ರಲ್ಲಿ ಬಂದ ರಾಕ್ಸ್‌ನಲ್ಲಿ ಫೋರ್ ವೀಲ್ ಡ್ರೈವ್ ಇರೋದು ಡೀಸೆಲ್‌ಗೆ ಮಾತ್ರ. ಅದಕ್ಕೇ ಶೋರೂಮಲ್ಲಿ ಗೇರ್ ಲಿವರ್ ಪಕ್ಕ 4ಎಲ್ ಅಂತ ಬರೆದಿರೋ ಎರಡನೇ ಲಿವರ್ ಇದೆಯಾ ಅಂತ ನಿನ್ನ ಕಣ್ಣಾರೆ ನೋಡು. 4ಎಲ್ ಅಂದ್ರೆ ಲೋ ರೇಂಜ್. ಜಿಮ್ನೀಲಿ ಅದು ಪ್ರತಿ ಗೇರನ್ನೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುತ್ತೆ: ವೇಗ ಅರ್ಧ, ಚಕ್ರಕ್ಕೆ ಸಿಗೋ ಎಳೆತ ಎರಡರಷ್ಟು. ತೋಟದ ಏರಲ್ಲಿ ಕ್ಲಚ್ ಸುಡದೆ ನಡಿಗೆಯ ವೇಗದಲ್ಲಿ ಹತ್ತಿಸೋದು ಇದೇ. ಇದನ್ನ ಹಾಕೋಕೆ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ, ಲಿವರನ್ನ ಕೆಳಗೆ ಅದುಮಿ ಎಳೀಬೇಕು. ಒಣ ಟಾರ್ ರಸ್ತೇಲಿ ಮಾತ್ರ ಮಾಮೂಲಿ ಗೇರಲ್ಲೇ ನಾಲ್ಕೂ ಚಕ್ರ ಎಳೆಯೋ 4ಎಚ್ ಆಗಲಿ 4ಎಲ್ ಆಗಲಿ ಬೇಡ. ತಿರುವಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳ್ಬೇಕು, ಈ ಗಾಡಿಗಳಲ್ಲಿ ಆ ವ್ಯತ್ಯಾಸ ಸರಿತೂಗಿಸೋಕೆ ಮುಂದಿನ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಅನ್ನೋ ಹಲ್ಲುಚಕ್ರದ ಪೆಟ್ಟಿಗೆ ಇಲ್ಲ. ಮಣ್ಣಲ್ಲಾದ್ರೆ ಟೈರ್ ಒಂಚೂರು ಜಾರಿ ಸರಿಮಾಡ್ಕೊಳ್ಳುತ್ತೆ. ಟಾರಲ್ಲಿ ಜಾರೋಕೆ ಆಗದೆ ಒಳಗಿನ ಹಲ್ಲುಗಳೆಲ್ಲ ಬಿಗಿಯುತ್ತೆ, ಸ್ಟಿಯರಿಂಗ್ ಜಗ್ಗುತ್ತೆ.

ಈಗ ತೂಕ. ಜಿಮ್ನಿ ಖಾಲಿ ತೂಕ ಸುಮಾರು 1200 ಕೆಜಿ. ಫೋರ್ ವೀಲ್ ಥಾರ್ ಅದಕ್ಕಿಂತ ಐದಾರು ಕ್ವಿಂಟಾಲ್ ಹೆಚ್ಚು. ರಾಕ್ಸ್, ಫೋರ್ಸ್ ಗೂರ್ಖಾ ಇನ್ನೂ ಭಾರ. ಎಲ್ಲರೂ ಕೇಳೋದು ಎಷ್ಟು ಎಚ್‌ಪಿ ಅಂತ. ಥಾರ್ ಪೆಟ್ರೋಲ್ 150, ಜಿಮ್ನಿ 103. ಆದ್ರೆ ಲೋ ರೇಂಜಲ್ಲಿ ಹತ್ತೋಕೆ ಜಿಮ್ನಿಗೆ ಇರೋದೇ ಸಾಕು. ಇಳಿಯೋವಾಗ ಎಚ್‌ಪಿ ಯಾವ ಉಪಕಾರಕ್ಕೂ ಬರಲ್ಲ, ತೂಕ ಮಾತ್ರ ಜೊತೆಗೇ ಇಳಿಯುತ್ತೆ. ಕೆಸರಲ್ಲಿ ಹೂತರೆ ಜಿಮ್ನಿಯನ್ನ ಮೂರ್ನಾಲ್ಕು ಜನ ಸೇರಿ ಅಲ್ಲಾಡಿಸಿ ದೂಡಬಹುದು, ಅದಕ್ಕಿಂತ ಭಾರದ್ದಕ್ಕೆ ಟ್ರ್ಯಾಕ್ಟರ್ ಬರ್ಬೇಕು.

ಜಿಮ್ನಿ ಕೊರತೆಗಳನ್ನೂ ಹೇಳ್ಬೇಕು. ನಾಲ್ಕೇ ಸೀಟು. ಹಿಂದಿನ ಡಿಕ್ಕಿ 208 ಲೀಟರ್, ಮಾವ ಕೊಡೋ ಬಾಳೆಗೊನೆ ಇಟ್ರೆ ಮುಗೀತು. ಆಟೋಮ್ಯಾಟಿಕ್‌ನಲ್ಲಿ ನಾಲ್ಕೇ ಗೇರು, ಹೆದ್ದಾರೀಲಿ ಓವರ್‌ಟೇಕ್ ಮಾಡೋಕೆ ಮುಂಚೇನೇ ಯೋಚನೆ ಮಾಡ್ಬೇಕು. ನಾಲ್ಕು ಜನ, ಸಾಮಾನು, ಏಸಿ ಹಾಕ್ಕೊಂಡು ಚಾರ್ಮಾಡಿ ಹತ್ತಿದ್ರೆ ಎಂಜಿನ್ ಕೂಗುತ್ತೆ. ನಿನ್ನ ಓಡಾಟ ಹೆದ್ದಾರೀಲೇ ಹೆಚ್ಚಾಗಿದ್ರೆ ಥಾರ್ ಡೀಸೆಲ್ ಅಂತಿದ್ದೆ. ಗೂರ್ಖಾ ನಿಜಕ್ಕೂ ಗಟ್ಟಿಗ: ಹಿಂದೆ ಮುಂದೆ ಎರಡೂ ಕಡೆ, ಎಡ ಬಲ ಚಕ್ರಗಳನ್ನ ಒಂದೇ ಸಮ ತಿರುಗಿಸೋ ಡಿಫ್ ಲಾಕ್, 233 ಮಿಲಿಮೀಟರ್ ನೆಲದ ಅಂತರ. ಆದ್ರೆ ಆಟೋಮ್ಯಾಟಿಕ್ ಇಲ್ಲ, ಸಿಲ್ಕ್ ಬೋರ್ಡ್ ಸಂಜೆಗಳಿಗೆ ಅದು ಸಲ್ಲದು. ಜಿಮ್ನೀಲಿ ಡಿಫ್ ಲಾಕ್ ಇಲ್ಲ. ಒಂದು ಚಕ್ರ ಗಾಳೀಲಿ ಎದ್ದು ಸುಮ್ನೆ ತಿರುಗಿದ್ರೆ, ಗಾಡಿ ತಾನೇ ಆ ಚಕ್ರಕ್ಕೆ ಬ್ರೇಕ್ ಹಾಕಿ ಎಳೆತವನ್ನ ಇನ್ನೊಂದು ಬದಿಯ ಚಕ್ರಕ್ಕೆ ದಾಟಿಸುತ್ತೆ. ಆ ಕಟಕಟ ಸದ್ದಿಗೆ ಹೆದರಿ ಹೊಸಬರು ಆಕ್ಸಿಲರೇಟರ್ ಬಿಡ್ತಾರೆ, ಅಲ್ಲಿಗೆ ಕೆಲಸ ನಿಲ್ಲುತ್ತೆ. ಒಂದೇ ಹದದಲ್ಲಿ ಎರಡು ಮೂರು ಸೆಕೆಂಡ್ ಒತ್ತಿ ಹಿಡಿ, ಹಿಡಿತ ಸಿಗುತ್ತೆ.

ಆ ಲೈನ್ ಮನೆ ಜಾರಿನ ಬಗ್ಗೆ ನಿಧಾನವಾಗಿ ಓದು. ಮೇಲೇ ನಿಲ್ಲಿಸು. ಇಳಿದು ನಡೆದು ನೋಡ್ಕೊಂಡು ಬಾ. 4ಎಲ್, ಒಂದನೇ ಗೇರು, ಕ್ಲಚ್ ಪೂರ್ತಿ ಬಿಟ್ಟು ಕಾಲನ್ನ ದೂರ ಇಡು. ಎಂಜಿನ್ನೇ ಗಾಡಿಯನ್ನ ಹಿಡಿದು ಇಳಿಸುತ್ತೆ, ಬ್ರೇಕ್ ಮೇಲೆ ಕಾಲು ಸುಮ್ನೆ ತಾಗಿದ್ರೆ ಸಾಕು. ಹಿಂಭಾಗ ಪಕ್ಕಕ್ಕೆ ಜಾರೋಕೆ ಶುರುವಾದ್ರೆ ಬ್ರೇಕ್ ಒತ್ತಬೇಕು ಅನ್ಸುತ್ತೆ, ಒತ್ತಬೇಡ. ಒಂಚೂರು ಆಕ್ಸಿಲರೇಟರ್ ಕೊಟ್ಟು ಮೂತಿಯನ್ನ ಇಳಿಜಾರಿಗೆ ನೇರ ತಿರುಗಿಸು. ಹತ್ತೋವಾಗ ಅರ್ಧದಲ್ಲಿ ನಿಂತೋಯ್ತಾ? ಅಡ್ಡ ತಿರುಗಿಸೋ ಸಾಹಸ ಯಾವತ್ತೂ ಬೇಡ, ಗಾಡಿ ಉರುಳೋದು ಅಲ್ಲೇ. ಬ್ರೇಕಲ್ಲಿ ಹಿಡಿದು, ರಿವರ್ಸ್ ಹಾಕಿ, ಕ್ಲಚ್ ಬಿಟ್ಟು, ಹತ್ತಿದ ಗೆರೆಯಲ್ಲೇ ನೇರ ಹಿಂದಕ್ಕೆ ಇಳಿ.

ಟೈರ್ ವಿಷಯದಲ್ಲಿ ಎಟಿ, ಅಂದ್ರೆ ಟಾರಿಗೂ ಮಣ್ಣಿಗೂ ಆಗೋ ಆಲ್ ಟೆರೇನ್ ಟೈರು, ಸಾಕು. ಎಂಟಿ ಅಂದ್ರೆ ಆ ದೊಡ್ಡ ಗಡ್ಡೆಗಳ ಟೈರು ಒದ್ದೆ ಟಾರಲ್ಲಿ ಬ್ರೇಕಿಗೆ ಬೇಗ ನಿಲ್ಲಲ್ಲ, ಸದ್ದು ಬೇರೆ. ಕೆಸರಿಗೆ ಇಳಿಯೋ ಮುಂಚೆ ಗಾಳಿ 18 ಪಿಎಸ್‌ಐಗೆ ಇಳಿಸು, ಟೈರ್ ಚಪ್ಪಟೆಯಾಗಿ ನೆಲ ತಬ್ಬುತ್ತೆ. 15ರ ಕೆಳಗೆ ಹೋದ್ರೆ ತಿರುವಲ್ಲಿ ರಿಮ್ಮಿಂದ ಕಳಚ್ಕೊಳ್ಳುತ್ತೆ. ಟಾರ್ ಹತ್ತೋ ಮುಂಚೆ ಮತ್ತೆ ತುಂಬ್ಬೇಕು, ಅದಕ್ಕೆ ಬ್ಯಾಟರಿಗೆ ಕ್ಲಿಪ್ ಹಾಕೋ ಪಂಪ್ ಒಂದು ತಗೋ. ಎಳೆಯೋ ಪಟ್ಟಿ ಐದು ಟನ್ನಿನದು, ಅದನ್ನ ಗಾಡಿಗೆ ಸಿಕ್ಕಿಸೋಕೆ ಶ್ಯಾಕಲ್ ಅನ್ನೋ ಕಬ್ಬಿಣದ ಕೊಂಡಿ ಎರಡು, ಒಂದು ಸಲಿಕೆ. ಪಟ್ಟಿಯನ್ನ ಕೊಕ್ಕೆಗೆ ಕಟ್ಟಿದ ಮೇಲೆ ಅದರ ನಡುವೆ ಒದ್ದೆ ಗೋಣಿಚೀಲ ಹೊದಿಸು, ತುಂಡಾದ್ರೆ ಹಾವಿನ ಹಾಗೆ ಹಾರೋದು ತಪ್ಪುತ್ತೆ. ಬುಲ್ ಬಾರ್ ಬೇಡ, ಕೇಂದ್ರ ಸರ್ಕಾರ 2017ರಲ್ಲೇ ಬೇಡ ಅಂದಿದೆ. ಅದು ಏರ್‌ಬ್ಯಾಗ್ ಲೆಕ್ಕ ಕೆಡಿಸುತ್ತೆ, ಅಡ್ಡ ಬಂದವರ ಜೀವ ತೆಗೆಯುತ್ತೆ. ಮೇಲಿಂದ ತೂಕ ಬೇರೆ.

ಹಳ್ಳದ ನೀರು ಚಕ್ರದ ಅರ್ಧಕ್ಕಿಂತ ಮೇಲಿದ್ರೆ ವಾಪಸ್ ಬಾ. ನೀರಲ್ಲಿ ಎಂಜಿನ್ ನಿಂತ್ರೆ ಮತ್ತೆ ಸ್ಟಾರ್ಟ್ ಮಾಡಬೇಡ, ಸಿಲಿಂಡರ್ ಒಳಗೆ ನೀರಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ದಾಟೋ ಮುಂಚೆ ಹತ್ತು ನಿಮಿಷ ಆರೋಕೆ ಬಿಡು. ಎಡ ಬಲ ಚಕ್ರಗಳ ನಡುವೆ ಇರೋ ಡಿಫರೆನ್ಷಿಯಲ್ ಬಿಸಿಯಾಗಿದ್ದು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಹೀರುತ್ತೆ. ಮಾರನೇ ದಿನ ಮೆಕ್ಯಾನಿಕ್ ಹತ್ರ ಅದರ ಬೋಲ್ಟ್ ಸಡಿಲ ಮಾಡಿಸಿ ಎರಡು ಹನಿ ಎಣ್ಣೆ ಬೆರಳಿಗೆ ತಗೋ. ಜೇನಿನ ಬಣ್ಣ ಇದ್ರೆ ಸರಿ, ಹಾಲು ಹಾಕಿದ ಕಾಫಿ ಹಾಗಿದ್ರೆ ನೀರು ಸೇರಿದೆ, ಅವತ್ತೇ ಬದಲಾಯಿಸು.

ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಸೀಟ್ ಬೆಲ್ಟ್ ಕೊನೇವರೆಗೂ ಎಳಿ. ಹೊರಗೆ ಎಷ್ಟೇ ತೊಳೆದಿರಲಿ, ಸುರುಳಿಯ ಒಳಸುತ್ತಲ್ಲಿ ಕೆಮ್ಮಣ್ಣಿನ ಗೆರೆ ಇದ್ರೆ ಆ ಗಾಡಿ ನೀರು ಕುಡಿದಿದೆ. ಮಾರುತಿಯ ಹಳೇ ಜಿಪ್ಸಿ ಮೇಲಿನ ನಿನ್ನ ಆಸೆ ನನಗೂ ಗೊತ್ತು. ಅಷ್ಟು ಹಗುರದ್ದು ಇನ್ನೊಂದಿಲ್ಲ, ಆದ್ರೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪುಟ್ಟಿಯನ್ನ ಅದರಲ್ಲಿ ಕೂರಿಸಿ ನೈಸ್ ರಸ್ತೆಗೆ ಕಳಿಸೋಕೆ ನನಗೆ ಮನಸ್ಸಿಲ್ಲ.

ಇಲ್ಲಿಗೆ ನಿಲ್ಲಿಸೋಣ ಅಂದ್ಕೊಂಡಿದ್ದೆ. ಆದ್ರೆ ಮಂಜ, ಒಂದು ವಿಷಯ ಕೊರೀತಾ ಇದೆ. ನೀನು ಗಾಡಿ ತಗೊಂಡ ಮೇಲೆ ತೋಟದ ರಸ್ತೇಲಿ ನಿಲ್ಲಲ್ಲ. ಮೇಲೆ ಬೋಳುಗುಡ್ಡ ಕಾಣುತ್ತೆ, ಹಸಿರು ಹಾಸಿರುತ್ತೆ, ಹತ್ತಬೇಕು ಅನ್ಸುತ್ತೆ. ಆ ಹುಲ್ಲಿನ ಬೇರು ಒಂದಕ್ಕೊಂದು ಹೆಣೆದು ಚಾಪೆ ಥರ ಮಣ್ಣು ಹಿಡಿದಿರುತ್ತೆ. ಒಂದು ಸಲ ಚಕ್ರ ಸುತ್ತಿದ್ರೆ ಚಾಪೆ ಹರಿಯುತ್ತೆ. ಆಷಾಢದ ಮಳೆ ಆ ಗೀರಲ್ಲೇ ಹರಿದು ಚರಂಡಿ ಮಾಡುತ್ತೆ. ಮುಂದಿನ ವಾರ ಬಂದೋನು ಚರಂಡಿ ತಪ್ಪಿಸೋಕೆ ಪಕ್ಕದ ಹುಲ್ಲಿಗೆ ಹತ್ತಿಸ್ತಾನೆ. ಅದೂ ಗುಂಡಿ ಬಿದ್ರೆ ಅದರ ಪಕ್ಕ. ಹೀಗೆ ಒಂದು ಗೆರೆ ಮೂರಾಗುತ್ತೆ, ಇಡೀ ಗುಡ್ಡದ ಬೆನ್ನು ಕೆಂಪಗೆ ಸುಲಿದ ಹಾಗೆ ಕಾಣುತ್ತೆ. ಬಲ್ಲಾಳರಾಯನ ದುರ್ಗದ ಸುತ್ತಿನ ಆ ಗುಡ್ಡಗಳಿಂದಲೇ ಹೇಮಾವತಿ ಹುಟ್ಟೋದು. ಹುಲ್ಲು ಹಿಡಿದಿಟ್ಟ ಮಳೆಯೇ ಬೇಸಿಗೇಲಿ ಹಳ್ಳಕ್ಕೆ ಇಳಿದು ಬರೋ ನೀರು.

ಆ ಗೀರುಗಳಲ್ಲಿ ನನ್ನ ಟೈರಿನವೂ ಇವೆ. ನಿನಗೂ ಇದುವರೆಗೆ ಹೇಳಿರಲಿಲ್ಲ, ಇವತ್ತು ಇಷ್ಟು ಜನರ ಮುಂದೆ ಹೇಳಿಬಿಟ್ಟೆ. ಈಗ ನಿನಗೆ ಗಾಡಿ ಆರಿಸಿಕೊಡೋವಾಗ, ಆ ಹುಲ್ಲಿನ ಮೇಲೆ ಇನ್ನೊಂದು ಗಾಡಿ ಹತ್ತಿಸ್ತಿದ್ದೀನಾ ಅಂತ ಕೈ ಹಿಂಜರಿಯುತ್ತೆ. ತೂಕ ತೂಕ ಅಂತ ಇಷ್ಟು ಬಡ್ಕೊಂಡಿದ್ದಕ್ಕೆ ಕಾರಣ ಇದೂ ಒಂದು. ಹಗುರ ಗಾಡಿ ಕಮ್ಮಿ ತುಳಿಯುತ್ತೆ, ಆದ್ರೂ ತುಳಿಯೋದು ತುಳಿಯೋದೇ. ಇರೋ ಗೆರೆ ಬಿಟ್ಟು ಹುಲ್ಲಿಗೆ ಇಳೀಬೇಡ ಕಣೋ. ಗುಂಡಿ ಬಂದ್ರೆ ಅದರೊಳಗೇ ದಾಟು, ಆಗಲ್ಲ ಅಂದ್ರೆ ತಿರುಗಿಸ್ಕೊಂಡು ಬಾ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸೋದು ಹೇಗೂ ಅಪರಾಧ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಹೋಗ್ಬೇಕು ಅನ್ನಿಸಿದ್ರೆ ಅಲ್ಲಿನ ಜೀಪಿನವರ ಜೊತೆ ಹೋಗು, ಆ ದಾರಿ ಅವರ ಹೊಟ್ಟೆಪಾಡು.

ಸಾಕು, ಮಾತು ಭಾರ ಆಯ್ತು. ಶನಿವಾರ ಟೆಸ್ಟ್ ಡ್ರೈವ್‌ಗೆ ಹೋಗೋವಾಗ ಅಮ್ಮನ್ನ ಕರ್ಕೊಂಡು ಹೋಗು. ಮೊದಲು ಥಾರ್ ಹಿಂದಿನ ಸೀಟಿಗೆ ಹತ್ತಿಸು, ಆಮೇಲೆ ಜಿಮ್ನಿಗೆ. ಮಂಡಿ ನೋವಿನವರ ತೀರ್ಪೇ ಕೊನೇ ತೀರ್ಪು. ಬಣ್ಣದ ವಿಷಯಕ್ಕೆ ನೀನೂ ನಿನ್ನ ಹೆಂಡ್ತಿನೂ ಜಗಳ ಆಡ್ಬೇಡಿ, ಜುಲೈ ಬಂದ್ರೆ ಎಲ್ಲ ಗಾಡಿನೂ ಕೆಮ್ಮಣ್ಣಿನ ಬಣ್ಣವೇ. ಮಾವನಿಗೆ ನನ್ನ ನಮಸ್ಕಾರ ಹೇಳು. ಎಮ್ಮೆಗೂ.

ನಿನ್ನ,
ಸೀನ