ಕಣ್ಣು ಕೆಂಪಾದರೆ ನುಂಗಿದ ಗುಳಿಗೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮಕ್ಕನಿಗೆ ಕಫ ಕಟ್ಟಿ ಮೂಗು ಬಿಗಿದಿತ್ತು. ಡಾಕ್ಟರ ಹತ್ತಿರ ಹೋಗಲಿಲ್ಲ, ಮನೆ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಐದು ಮಾಕ್ಸಿಫ್ಲಾಕ್ಸಾಸಿನ್ ಗುಳಿಗೆ ತಂದು ನುಂಗಿದಳು. ಚೀಟಿ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಕಫವೇನೋ ಇಳಿಯಿತು, ಆದರೆ ಹತ್ತು ದಿನದ ಮೇಲೆ ಎರಡೂ ಕಣ್ಣು ಕೆಂಪಾದವು. ಮದ್ರಾಸ್ ಐ ಇರಬೇಕು ಅಂದುಕೊಂಡು ಅದೇ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದೆವು. ನಾಲ್ಕು ದಿನ ಸುಮ್ನೆ ಹೋಯಿತು. ಗೀಜು ಒಂಚೂರೂ ಇರಲಿಲ್ಲ, ಆಗಲೇ ನಮಗೆ ಅನುಮಾನ ಬರಬೇಕಿತ್ತು. ನೋವು, ಮಂಜು, ಬೆಳಕು ಕಂಡರೆ ಆಗದು. ದಾವಣಗೆರೆ ಬಿಸಿಲು ಗೊತ್ತಲ್ವಾ, ಅಕ್ಕ ಕಿಟಕಿಗೆ ಹಳೇ ಸೀರೆ ಕಟ್ಟಿಕೊಂಡು ಹಗಲಿಡೀ ಕತ್ತಲಲ್ಲಿ ಕೂತಿದ್ದಳು.

ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಇದು ಮದ್ರಾಸ್ ಐ ಅಲ್ಲ, ಕಣ್ಣೊಳಗೇ ಉರಿಯೂತ ಆಗಿದೆ ಅಂದರು. ಕಪ್ಪು ಗುಡ್ಡೆಯ ಸುತ್ತ ಇರುವ ಐರಿಸ್ ಪದರದ ಬಣ್ಣ ಉದುರಿ ಒಳಗಿನ ನೀರಿನಲ್ಲಿ ತೇಲುತ್ತಿತ್ತಂತೆ. ಆಮೇಲೆ ಕೇಳಿದರು, ಈಚೆಗೆ ಯಾವುದಾದರೂ ಆಂಟಿಬಯೋಟಿಕ್ ತಗೊಂಡಿದ್ದೀರಾ? ಮುಂದಿನ ಸಲ ಅಂಗಡಿಯಲ್ಲಿ ತೋರಿಸೋಕೆ ಅಂತ ಅಕ್ಕ ಖಾಲಿ ಸ್ಟ್ರಿಪ್ಪನ್ನು ಡಬ್ಬಿಯಲ್ಲಿ ಇಟ್ಟಿದ್ದಳು, ಹಾಗಾಗಿ ಹೆಸರು ಹೇಳೋಕಾಯಿತು. ಈ ಗುಳಿಗೆ ನುಂಗಿದ ಕೆಲವರಿಗೆ ಎರಡೂ ಕಣ್ಣಿಗೆ ಹೀಗೆ ಆಗಿರುವುದು ಡಾಕ್ಟರುಗಳಿಗೆ ಗೊತ್ತಿರುವ ವಿಷಯವಂತೆ. ರಿಫಾಬ್ಯುಟಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್‌ನಿಂದಲೂ ಕಣ್ಣೊಳಗೆ ಉರಿಯೂತ ಬರುತ್ತದೆ. ಮಾಕ್ಸಿಫ್ಲಾಕ್ಸಾಸಿನ್‌ನಿಂದ ಹೀಗಾಗುವುದು ಬಹಳ ಅಪರೂಪ, ಹೆದರಬೇಕಿಲ್ಲ. ಕ್ಷಯ, ಸರ್ಪಸುತ್ತು, ಕೀಲುಬೇನೆಯಿಂದಲೂ ಕಣ್ಣೊಳಗೆ ಉರಿಯೂತ ಬರುವುದರಿಂದ ಅವೆಲ್ಲ ಇಲ್ಲ ಅಂತ ಪರೀಕ್ಷೆ ಮಾಡಿಯೇ ಡಾಕ್ಟರು ಇದು ಗುಳಿಗೆಯಿಂದ ಆಗಿದ್ದು ಅಂತ ಹೇಳಿದ್ದು, ಅದೂ ನೂರಕ್ಕೆ ನೂರು ಅಂತ ಹೇಳಲಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟು, ಕಣ್ಣಿನ ಒತ್ತಡ ಏರಬಹುದು ಅಂತ ವಾರಕ್ಕೊಮ್ಮೆ ಕರೆಸುತ್ತಿದ್ದಾರೆ. ಕೆಂಪು ಇಳಿದಿದೆ. ಬೆಳಕು ಮಾತ್ರ ಇನ್ನೂ ಚುಚ್ಚುತ್ತದೆ.

ಡಾಕ್ಟರು ಬರೆದುಕೊಟ್ಟ ಆಂಟಿಬಯೋಟಿಕ್ಕನ್ನು ಈ ಪತ್ರ ಓದಿ ಯಾರೂ ನಿಲ್ಲಿಸಬೇಡಿ. ಔಷಧಿಗೆ ಬಗ್ಗದ ಕ್ಷಯಕ್ಕೆ ಇದೇ ಮಾಕ್ಸಿಫ್ಲಾಕ್ಸಾಸಿನ್ ಕೊಡುತ್ತಾರೆ, ನಿಲ್ಲಿಸಿದರೆ ಜೀವಕ್ಕೇ ಕುತ್ತು. ನನ್ನ ಸಿಟ್ಟು ಇರುವುದು ಚೀಟಿ ಇಲ್ಲದೆ ಮಾರುವುದರ ಮೇಲೆ. 2014ರಿಂದ ಈ ಗುಳಿಗೆ ಎಚ್-1 ಪಟ್ಟಿಯಲ್ಲಿದೆ. ಅಂದರೆ ಚೀಟಿ ನೋಡಿಯೇ ಕೊಡಬೇಕು, ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮ ಜಿಲ್ಲೆಯ ಅಧಿಕಾರಿಗಳು ಒಂದು ದಿನ ಅಂಗಡಿಗಳಿಗೆ ಹೋಗಿ ಆ ರಿಜಿಸ್ಟರ್ ತೆಗೆಸಿ ನೋಡಲಿ.

ಗುಳಿಗೆಯಿಂದ ತೊಂದರೆಯಾದರೆ ನಾವೇ ತಿಳಿಸಬಹುದು, ಔಷಧಿಯ ಅಡ್ಡಪರಿಣಾಮ ಬರೆದುಕೊಳ್ಳುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ದುಡ್ಡಿಲ್ಲದೆ ಕರೆ ಹೋಗುತ್ತದೆ. ಅಕ್ಕನ ವಿಷಯವನ್ನು ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿಗೆ ಹೇಳಿದ್ದೇನೆ.

– ಒಬ್ಬ ಓದುಗ, ದಾವಣಗೆರೆ